ಪವಾಯಿಯಲ್ಲಿ ಬೆವರಿದ ಗೋಡೆ

ಆಗ ನನಗೆ ಅರವತ್ತಾರು. ಇದು ನಡೆದು ಐದು ವರ್ಷವಾಯಿತು. ಇಂಡಿ ಕಡೆಯ ನಮ್ಮ ಊರಿನಿಂದ ಮುಂಬೈಗೆ ಹೋಗಿ ಬಂದದ್ದನ್ನು ಪರದೇಶದ ಪ್ರವಾಸ ಅಂತ ಬರೆಯುತ್ತಿದ್ದೇನೆ. ನಗುವವರು ನಗಲಿ. ಅಲ್ಲಿ ಮಾತು ಬೇರೆ, ನೀರು ಬೇರೆ, ಗಾಳಿ ಬೇರೆ. ಇಷ್ಟು ಬೇರೆಯಾದ ಮೇಲೆ ಅದು ಪರದೇಶವೇ. ನಾನು ಅಕ್ಷರ ಕಲಿತದ್ದು ಮೊಮ್ಮಗಳ ಪಾಟಿಯ ಮೇಲೆ. ತಪ್ಪಿದ್ದಲ್ಲಿ ಅವಳೇ ತಿದ್ದಿದ್ದಾಳೆ.

ನಾನು ಹೋದದ್ದು ಊರು ನೋಡಲಿಕ್ಕಲ್ಲ, ಗೋಡೆ ಬಳಿಯಲಿಕ್ಕೆ. ನಮ್ಮ ಕಡೆ ಮನೆಗಳಿಗೆ ಮಣ್ಣಿನ ಮಾಳಿಗೆ. ಪ್ರತಿ ವರ್ಷ ಮಳೆಗೆ ಮುಂಚೆ ಅದರ ಮೇಲೆ ಸವಳು ಮಣ್ಣು ಹಾಕುತ್ತೇವೆ. ಬೆಳ್ಳಗಿರುತ್ತದೆ, ನಾಲಿಗೆಗೆ ಉಪ್ಪು ಹತ್ತುತ್ತದೆ, ನೀರನ್ನು ಒಳಗೆ ಬಿಡುವುದಿಲ್ಲ. ಗೋಡೆಗೂ ನಾನು ಅದನ್ನೇ ಸಗಣಿ, ಗೋಧಿ ಹೊಟ್ಟಿನ ಜೊತೆ ಕಲಸಿ ಎರಡು ಬೆರಳು ದಪ್ಪ ಬಳಿಯುತ್ತೇನೆ. ಕಾಶವ್ವ ಬಳಿದ ಗೋಡೆಯಲ್ಲಿ ಬಿರುಕು ತೋರಿಸುವವರು ಇನ್ನೂ ಹುಟ್ಟಿಲ್ಲ ಅಂತ ನಾನೇ ಹೇಳಿಕೊಂಡು ತಿರುಗುತ್ತಿದ್ದೆ.

ನನ್ನ ಸೊಸೆ ರುಕ್ಮವ್ವ ಖಾನಾಪುರ ಕಡೆಯವಳು, ಭತ್ತ ಬೆಳೆಯುವ ನಾಡಿನವಳು. ಮದುವೆಯಾಗಿ ಬಂದ ವರ್ಷ ಗೋಡೆಗೆ ಕೈ ಹಾಕಿದಳು. ತೆಳ್ಳಗೆ ಒಂದು ಕೈ ಬಳಿದು, ಅದು ಒಣಗುವ ತನಕ ಕಾದು, ಮೇಲೆ ಮತ್ತೊಂದು ಕೈ ಬಳಿಯುವುದು ಅವಳ ತವರಿನ ರೀತಿ.

"ಇದೇನ ಗ್ವಾಡಿಗೆ ಪೌಡರ್ ಹಚ್ಚಾಕತ್ತೀಯೇನ?" ಅಂದು ಅವಳ ಕೈಯಿಂದ ಬುಟ್ಟಿ ಕಸಿದುಕೊಂಡೆ. ಆಮೇಲೆ ಹನ್ನೊಂದು ವರ್ಷ ಅವಳು ಕುಣಿಯಲ್ಲಿ ಮಣ್ಣು ತುಳಿದಳು, ನಾನು ಬಳಿದೆ. ನಮ್ಮಲ್ಲಿ ತುಳಿಯುವುದು ಕಿರಿಯರ ಕೆಲಸ, ಬಳಿಯುವುದು ಹಿರಿಯರದು.

ನನ್ನನ್ನು ಮುಂಬೈಗೆ ಕರೆಸಿದವನು ತಂಗಿಯ ಮಗ ಯಲ್ಲಪ್ಪ. ಅಲ್ಲಿ ಕಟ್ಟಡ ಕೆಲಸದವರ ಮುಕಾದಂ, ಅಂದರೆ ಹತ್ತು ಹದಿನೈದು ಆಳುಗಳ ಮೇಲಿನವನು. ಪವಾಯಿ ಕೆರೆಯ ಮಗ್ಗುಲಿಗೆ ಒಬ್ಬ ಶೇಠ್ ಹಳೆಯ ಬಂಗಲೆ ತೆಗೆಸಿ ಹೊಸ ಮನೆ ಕಟ್ಟಿಸುತ್ತಿದ್ದ. ಮನೆಯ ನಕ್ಷೆ ಮಾಡಿದ ಹುಡುಗಿಗೆ ಕೆರೆ ಕಡೆಯ ಗೋಡೆಗೆ ಮಣ್ಣಿನ ಗಿಲಾವೇ ಬೇಕಂತೆ. ಯಲ್ಲಪ್ಪ ಮೊಬೈಲಿನಲ್ಲಿ ನಮ್ಮ ಮನೆಯ ಗೋಡೆ ತೋರಿಸಿ, "ನಮ್ಮ ದೊಡ್ಡವ್ವ ಬಳಿದದ್ದು" ಅಂದುಬಿಟ್ಟಿದ್ದ.

ದಾದರ್

ರೈಲಿನಿಂದ ಇಳಿದಾಗ ನನ್ನ ಜೊತೆ ಎರಡು ಚೀಲ ಸವಳು ಮಣ್ಣು. ಪೊಲೀಸನೊಬ್ಬ ಅಡ್ಡ ನಿಂತ. ಚೀಲದಲ್ಲಿ ಏನು ಅಂತ ಹಿಂದಿಯಲ್ಲಿ ಕೇಳಿದ. ಸೋಲಾಪುರದ ಸಂತೆಯಲ್ಲಿ ಕಲಿತ ಮರಾಠಿ ನನಗೆ ಅಷ್ಟಿಷ್ಟು ಬರುತ್ತದೆ. "ಮಾತಿ", ಅಂದರೆ ಮಣ್ಣು, ಅಂದೆ. ನಂಬಲಿಲ್ಲ. ಚೀಲದ ಬಾಯಿ ಬಿಚ್ಚಿಸಿ ಮೊಣಕೈ ತನಕ ಕೈ ಹಾಕಿ ಕಲಕಿದ, ಮೂಸಿದ.

"ಮುಂಬೈಯಾಗ ಮಣ್ಣಿಲ್ಲೇನ, ಆಜಿ?" ಅಂದ. ಅವನು ಅಂದದ್ದು ಮರಾಠಿಯಲ್ಲಿ. ಆ ಊರಿನವರ ಮಾತನ್ನೆಲ್ಲ ನಾನು ನನ್ನ ಮಾತಿನಲ್ಲೇ ಬರೆಯುತ್ತೇನೆ.

"ಇದ್ದೀತು. ನಮ್ಮಂಥದಿಲ್ಲ" ಅಂದೆ.

ಲೋಕಲ್‌ನಲ್ಲಿ ಹೆಂಗಸರ ಡಬ್ಬಿ. ಕೂರಲು ಜಾಗವಿಲ್ಲದ ಒಬ್ಬಳು ಕೇಳದೆ ನನ್ನ ಚೀಲದ ಮೇಲೆ ಕೂತು, ಸಂಜೆಯ ಪಲ್ಯಕ್ಕೆ ಚವಳಿಕಾಯಿ ಮುರಿಯತೊಡಗಿದಳು. ಬೈಯಬೇಕು ಅಂದುಕೊಂಡೆ. ಅಷ್ಟರಲ್ಲಿ ಅವಳು ಇಳಿಯುವ ಸ್ಟೇಷನ್ ಬಂತು. ಏಳುವಾಗ ಒಂದು ಹಿಡಿ ಮುರಿದ ಚವಳಿಕಾಯಿ ನನ್ನ ಸೆರಗಿಗೆ ಹಾಕಿ ಹೋದಳು. ಕೂತದ್ದಕ್ಕೆ ಬಾಡಿಗೆ ಇರಬೇಕು. ಹೆಸರೂ ಗೊತ್ತಿಲ್ಲ.

ಘಾಟ್ಕೋಪರ್

ಯಲ್ಲಪ್ಪನ ಖೋಲಿ ಗುಡ್ಡದ ಮೇಲೆ. ನಮ್ಮ ಎತ್ತು ಒಂದು ನಿಂತರೆ ಬಾಲ ಹೊರಗೆ ಉಳಿಯುತ್ತದೆ, ಅಷ್ಟು ಅಗಲ. ಬೆಳಿಗ್ಗೆ ನಲ್ಲಿಯ ಮುಂದೆ ಜನ ನಿಲ್ಲುವುದಿಲ್ಲ, ಬಕೆಟ್ಟುಗಳು ಸಾಲು ನಿಲ್ಲುತ್ತವೆ. ಬಕೆಟ್ಟಿಟ್ಟು ಮನೆಗೆ ಬಂದರೆ, ಸಾಲು ಸರಿದಂತೆ ಯಾರೋ ಒಬ್ಬರು ನಿಮ್ಮದನ್ನೂ ಕಾಲಿನಿಂದ ಮುಂದೆ ದೂಡುತ್ತಾರೆ. ನಮ್ಮೂರಲ್ಲಿ ನಾನಿಲ್ಲದಾಗ ನನ್ನ ಕೊಡ ಹಿಂದೆ ಹೋಗುತ್ತದೆಯೇ ಹೊರತು ಮುಂದೆ ಬಂದದ್ದಿಲ್ಲ.

ಅಡುಗೆಗೆ ಕೈ ಜೋಡಿಸಲು ಹೋಗಿ ಉಪ್ಪಿನ ಭರಣಿ ತೆಗೆದೆ. ಉಪ್ಪಿನಲ್ಲಿ ಅಕ್ಕಿಕಾಳು. ಕಸ ಬಿದ್ದಿದೆ ಅಂತ ಆರಿಸತೊಡಗಿದೆ. ಯಲ್ಲಪ್ಪನ ಹೆಂಡತಿ ಶಾಂತಾ ಓಡಿ ಬಂದಳು.

"ಬಿಡ್ರಿ ಅತ್ತಿ, ನಾನ ಹಾಕೀನಿ."

"ಉಪ್ಪಿಗೂ ಊಟಕ್ಕ ಹಾಕ್ತೀರೇನ ಈ ಊರಾಗ?"

"ಅಕ್ಕಿ ಹಾಕಲಿಲ್ಲಂದ್ರ ಉಪ್ಪು ನೀರೊಡೀತದ್ರಿ. ಇಲ್ಲಿ ಹವಾನ ಹಂಗ."

ನಾನು ನಕ್ಕೆ. ಆಗಲೇ ನನಗೆ ತಿಳಿಯಬೇಕಿತ್ತು. ತಿಳಿಯಲಿಲ್ಲ.

ಪವಾಯಿ, ಸೋಮವಾರ

ನಕ್ಷೆಯ ಹುಡುಗಿಯ ಹೆಸರು ಅನುಜಾ. ಅಪ್ಪ ಧಾರವಾಡದವರು, ಇವಳು ಹುಟ್ಟಿ ಬೆಳೆದದ್ದು ಚೆಂಬೂರಿನಲ್ಲಿ. ಮೂವತ್ತರ ಒಳಗಿನ ವಯಸ್ಸು. ಕನ್ನಡ ಎಲ್ಲ ತಿಳಿಯುತ್ತದೆ, ಆಡುವಾಗ ಎಡವುತ್ತಾಳೆ. ಅವಳು ಸ್ವತಂತ್ರವಾಗಿ ಮಾಡಿದ ಮೊದಲನೆಯ ಮನೆ ಅದು.

ಮನೆ ಇನ್ನೂ ಇರಲಿಲ್ಲ. ನೆಲದ ಮೇಲೆ ಸುಣ್ಣದ ಪುಡಿಯ ಗೆರೆಗಳಿದ್ದವು, ಕೆರೆ ಕಡೆಗೆ ಆಳೆತ್ತರದ ಒಂದು ಇಟ್ಟಿಗೆ ಗೋಡೆ, ಅದರ ಮೇಲೆ ತಗಡು. ನಾನು ನೇರ ಗೋಡೆಯ ಹತ್ತಿರ ನಡೆದೆ.

"ಅಜ್ಜಿ, ಥಾಂಬಾ! ನೀವು ದಿವಾರದೊಳಗಿಂದ ಬಂದ್ರಿ."

"ಯಾವ ಗ್ವಾಡಿ?"

"ಈ ಚುನಾದ ಲೈನ್ ಅದಲಾ, ಅದೇ. ದರವಾಜಾ ಅಲ್ಲಿ ಅದ. ಅಲ್ಲಿಂದ ಬರ್ರಿ, ಪ್ಲೀಸ್."

ಹುಚ್ಚು ಹಿಡಿದಿದೆ ಅಂದುಕೊಂಡೆ. ಆದರೂ ವಾಪಸು ಹೋಗಿ ಇಲ್ಲದ ಬಾಗಿಲಿನಿಂದ ಬಂದೆ. ಬಂದ ಮೇಲೆ ಗೊತ್ತಾಯಿತು, ಆ ದಾರಿಯಿಂದ ಬಂದರೆ ಎದುರಿಗೆ ದೊಡ್ಡ ಅತ್ತಿಮರ, ಮರದ ಸಂದಿಯಿಂದ ನೀರು. ಅವಳು ಒಂದು ಇಡೀ ಮಳೆಗಾಲ ಕೊಡೆ ಹಿಡಿದು ಅಲ್ಲೇ ಕೂತು, ನೀರು ಎಲ್ಲಿಂದ ಹರಿದು ಕೆರೆಗೆ ಹೋಗುತ್ತದೆ ಅಂತ ನೋಡಿದ್ದಳಂತೆ. ನೀರಿನ ದಾರಿಗೆ ಅಡ್ಡ ಬರುವ ಕಡೆ ನಕ್ಷೆಯಲ್ಲಿ ಮನೆಯನ್ನು ಕಂಬದ ಮೇಲೆ ಎತ್ತಿ, ನೀರನ್ನು ಕೆಳಗೆ ಬಿಟ್ಟಿದ್ದಳು. ಅತ್ತಿಮರಕ್ಕೆ ಅಡ್ಡವಾಗುವ ಕಡೆ ಮನೆಯನ್ನೇ ಬಾಗಿಸಿದ್ದಳು.

ಗೋಡೆಯಲ್ಲಿ ಕಿಟಕಿಗೆ ಬಿಟ್ಟ ಜಾಗ ನನ್ನ ಎದೆಯ ಮಟ್ಟಕ್ಕಿತ್ತು.

"ಇದು ಯಾರು ನೋಡಾಕ?" ಅಂದೆ.

"ಅಂದ್ರ?"

"ಒಂದಿನ ಬಂದು ಹೋಗವ್ರು ನಿಂತು ನೋಡ್ತಾರ. ಅಲ್ಲೇ ಇರವ್ರು ಕುಂತು ನೋಡ್ತಾರ. ಕಿಟಕಿ ಕೆಳಗ ಇಳಸು."

ಅವಳು ನನ್ನನ್ನು ಅಲ್ಲೇ ಒಂದು ಕಲ್ಲಿನ ಮೇಲೆ ಕೂರಿಸಿ, ನನ್ನ ಕಣ್ಣಿನ ಎತ್ತರಕ್ಕೆ ಗೋಡೆಯ ಮೇಲೆ ಸೀಮೆಸುಣ್ಣದಿಂದ ಗೆರೆ ಎಳೆದಳು. ಮಧ್ಯಾಹ್ನದೊಳಗೆ ಮೇಸ್ತ್ರಿ ನಾಲ್ಕು ಸಾಲು ಇಟ್ಟಿಗೆ ಕಿತ್ತ. ಮುದುಕಿ ಹೇಳಿದ್ದಕ್ಕೆ ನಕ್ಷೆ ತಿದ್ದುವವರನ್ನು ನಾನು ಅಲ್ಲಿ ತನಕ ನೋಡಿರಲಿಲ್ಲ.

ಆಮೇಲೆ ಅವಳು ನಿಜ ಹೇಳಿದಳು. ಶೇಠ್‌ನ ಮಗನಿಗೆ ಈ ಗೋಡೆಯೇ ಬೇಡ. ಕೆರೆ ಕಡೆಗೆ ಪೂರ್ತಿ ಗಾಜು ಹಾಕಿಸಿ, ನೋಟಕ್ಕೆ ಅಡ್ಡ ಅಂತ ಅತ್ತಿಮರ ಕಡಿಸಬೇಕಂತೆ. ಶೇಠ್ ಇಬ್ಬರ ನಡುವೆ ಒಂದು ಮಾತು ಇಟ್ಟಿದ್ದ: ಮುಂದಿನ ವಾರದ ಗುರುವಾರ ಬಂದು ಈ ಒಂದು ಗೋಡೆ ನೋಡುತ್ತೇನೆ. ಚೆನ್ನಾಗಿದ್ದರೆ ಮಣ್ಣು, ಇಲ್ಲದಿದ್ದರೆ ಗಾಜು.

"ಗಾಜು ಬಂದ್ರ ಮರ ಹೋಗತದ, ಅಜ್ಜಿ. ಆಮ್ಯಾಲೆ ಅದು ನನ್ನ ಮನಿ ಅಲ್ಲ."

"ಏನೂ ಆಗೂದಿಲ್ಲ. ಸವಳು ಮಣ್ಣು ತಂದೀನಿ" ಅಂದೆ.

ಯಲ್ಲಪ್ಪನೇ ಪ್ಯಾಂಟು ಮಡಚಿ ಮಣ್ಣು ತುಳಿದ. ಮುಕಾದಂ ಆದ ಮೇಲೆ ಅವನ ಕಾಲಿಗೆ ಮಣ್ಣು ಹತ್ತಿದ್ದು ಅದೇ ಮೊದಲಿರಬೇಕು. ಆಳುಗಳೆಲ್ಲ ನಿಂತು ನೋಡಿದರು. ಎರಡು ದಿನ ನೆನೆಸಿ, ತುಳಿಸಿ, ಬುಧವಾರ ಬಳಿದೆ. ಸಂಜೆ ಕಾಲು ತೊಳೆಯಲು ಕೆರೆಗೆ ಇಳಿದೆ. ಅಲ್ಲಿಯ ವಾಚ್‌ಮನ್ ಬಾಳು ಓಡಿ ಬಂದು ನನ್ನ ರಟ್ಟೆ ಹಿಡಿದು ಮೇಲೆ ಎಳೆದ, ಬಾಯಿಗೆ ಬಂದಂತೆ ಬೈದ. ಗುರುತಿಲ್ಲದ ಗಂಡಸು ಕೈ ಹಿಡಿದದ್ದಕ್ಕೆ ನಾನೂ ಬೈದೆ. ಕೆರೆ ಏನು ಇವನಪ್ಪನದೇ ಅನ್ನಿಸಿತು.

ಶನಿವಾರ ಬೆಳಿಗ್ಗೆ

ಶುಕ್ರವಾರ ಗೋಡೆ ಬೆಳ್ಳಗೆ ಒಣಗಿತ್ತು. ಶನಿವಾರ ಹೋಗಿ ನೋಡಿದರೆ ಇಡೀ ಗೋಡೆ ಒದ್ದೆ. ಮಳೆ ಬಂದಿಲ್ಲ. ಬೆರಳೊತ್ತಿದರೆ ಬೆರಳು ಒಳಗೆ ಹೋಗುತ್ತದೆ. ಬಾಳು ಪಕ್ಕದಲ್ಲೇ ಪೈಪು ಹಿಡಿದು ಸಸಿಗಳಿಗೆ ನೀರು ಬಿಡುತ್ತಿದ್ದ. ಬುಧವಾರದ ಸಿಟ್ಟು ಇನ್ನೂ ಇತ್ತು.

"ನೀನ ಹಾಕೀಯಪ್ಪ ನೀರು! ನನ್ನ ಮ್ಯಾಲಿನ ಹಗಿ ಗ್ವಾಡಿ ಮ್ಯಾಲೆ ತೀರಿಸ್ಕೊಂಡಿ!" ಎಲ್ಲರ ಎದುರಿಗೇ ಅಂದೆ.

ಅವನು ಪೈಪು ಕೆಳಗಿಟ್ಟ. "ನೀರು ಹಾಕಿದ್ರ ಗಿಡ ಬೆಳೀತದ. ನಿನ್ನ ಗ್ವಾಡಿ ಏನ್ ಬೆಳೀತದೇನ, ಆಜಿ?"

ಆಳುಗಳು ನಕ್ಕರು. ಅನುಜಾ ನಗಲಿಲ್ಲ. ಅವಳು ಗೋಡೆ ಮುಟ್ಟಿ, ಬೆರಳು ನೋಡಿಕೊಂಡು, ಅತ್ತಿಮರದ ಕಡೆ ತಿರುಗಿ ನಿಂತಳು. ಬೈದಿದ್ದರೆ ನನಗೆ ಹಗುರವಾಗುತ್ತಿತ್ತು.

ನಾನು ಗೋಡೆಗೆ ನಾಲಿಗೆ ಹಚ್ಚಿದೆ. ಉಪ್ಪು. ಶಾಂತಾಳ ಭರಣಿ ಕಣ್ಣೆದುರು ಬಂತು. ಯಾರೂ ನೀರು ಹಾಕಿರಲಿಲ್ಲ. ಆ ಊರಿನ ಹವೆಗೆ ನನ್ನ ಮಣ್ಣಿನ ಉಪ್ಪೇ ನೀರೊಡೆದು ಗೋಡೆ ಬೆವರಿತ್ತು. ನಮ್ಮ ಒಣ ಊರಿನಲ್ಲಿ ಕಾಯುವ ಮಣ್ಣು ಇಲ್ಲಿ ಕೊಲ್ಲುವ ಮಣ್ಣು. ನಾಲ್ವತ್ತು ವರ್ಷ ಗೋಡೆ ಬಳಿದವಳಿಗೆ ಇದು ಹೊಳೆಯಲಿಲ್ಲ. ಎರಡು ಚೀಲ ಹೊತ್ತುಕೊಂಡು ಬಂದಿದ್ದೆ.

"ಬಾಳು, ತಪ್ಪಾತಪ್ಪ. ಮಣ್ಣು ನಂದ ಖೊಟ್ಟಿ" ಅಂದೆ. ಇದನ್ನೂ ಎಲ್ಲರ ಎದುರಿಗೇ ಅಂದೆ.

ಅವನು ಪೈಪು ಸುತ್ತಿಟ್ಟ. "ಮಧ್ಯಾಹ್ನ ನನ್ನ ಮನಿಗೆ ಬಾ. ನನ್ನ ಹೆಂಡ್ತಿ ಗ್ವಾಡಿ ನೋಡು" ಅಂದ. ಹೋಗುವಾಗ ಕೆರೆಯ ಅಂಚಿನ ಕಡೆ ಗದ್ದ ತೋರಿಸಿದ. ನಾನು ಬುಧವಾರ ಕಾಲು ಇಳಿಬಿಟ್ಟ ಜಾಗದ ಹತ್ತಿರವೇ ಒಂದು ಮರದ ದಿಮ್ಮಿ ಬಿಸಿಲು ಕಾಯುತ್ತಿತ್ತು. ದಿಮ್ಮಿಗೆ ಕಣ್ಣಿತ್ತು. ಮೊಸಳೆ.

ಬಾಳುವಿನ ಪಾಡಾ

ಅವರು ಅಲ್ಲಿಯ ಮೂಲದವರು. ಗುಡ್ಡದ ಓರೆಯಲ್ಲಿ ಅವರ ಹತ್ತಿಪ್ಪತ್ತು ಮನೆಗಳ ಕೇರಿ, ಅದಕ್ಕೆ ಪಾಡಾ ಅನ್ನುತ್ತಾರೆ. ಹಿಂದೆ ನೋಡಿದರೆ ಹತ್ತಾರು ಮಾಳಿಗೆಯ ಬಿಲ್ಡಿಂಗುಗಳು, ಮುಂದೆ ನೋಡಿದರೆ ಕೋಳಿ, ಸಗಣಿ, ಬಿದಿರು.

ಬಾಳುವಿನ ಹೆಂಡತಿ ಸೋನಿಬಾಯಿ ನನಗಿಂತ ಹತ್ತು ವರ್ಷ ಚಿಕ್ಕವಳು. ಗೋಡೆ ನೋಡಿದೆ. ಒಳಗೆ ಕಾಡುಗಿಡದ ಕಡ್ಡಿಗಳ ತಡಿಕೆ, ಮೇಲೆ ಕೆಂಪು ಮಣ್ಣು, ರೊಟ್ಟಿಯಷ್ಟು ತೆಳುವು. ನಮ್ಮ ಆಡು ಮೈ ಉಜ್ಜಿದರೆ ಬೀಳುತ್ತದೆ ಅಂದುಕೊಂಡೆ. ಭುಜ ಕೊಟ್ಟು ನೂಕಿದೆ. ಬೀಳಲಿಲ್ಲ.

"ಎಷ್ಟು ಮಳಿಗಾಲ ಕಂಡದ ಇದು?"

"ನನ್ನ ಮಗಳು ಹುಟ್ಟಿದ ವರ್ಷದ್ದು. ಆಕಿಗೆ ಈಗ ಎರಡು ಮಕ್ಕಳು" ಅಂದಳು.

ಕೆಂಪು ಮಣ್ಣು, ಸಗಣಿ, ಭತ್ತದ ಹೊಟ್ಟು. ಮೊದಲು ತೆಳ್ಳಗೆ ಒಂದು ಕೈ. ಅದು ಹಸಿ ಇರುವಾಗಲೇ ಕಡ್ಡಿಯಿಂದ ಗೀರಿ ಬಿಡುವುದು. ಒಣಗಿದ ಮೇಲೆ ಎರಡನೆಯ ಕೈ. ದಪ್ಪ ಬಳಿದರೆ ಈ ಹವೆಯಲ್ಲಿ ಒಳಗೆ ಒಣಗುವುದೇ ಇಲ್ಲ ಅಂದಳು. ನನಗೆ ರುಕ್ಮವ್ವನ ಕೈ ಕಂಡಿತು. ಬಾಯಿ ಮುಚ್ಚಿಕೊಂಡು ಕೇಳಿದೆ.

ಹೊಟ್ಟು ಮಣ್ಣಿನಲ್ಲಿ ಹದಿನೈದು ದಿನ ಕೊಳೆಯಬೇಕು. ಗುರುವಾರಕ್ಕೆ ಉಳಿದದ್ದು ಐದು ದಿನ. ಆಗದ ಮಾತು ಅಂತ ಎದ್ದೆ.

ಸೋನಿಬಾಯಿ ಹಿತ್ತಲಿಗೆ ಕರೆದೊಯ್ದಳು. ಒಂದು ಕುಣಿಯ ತುಂಬ ಹದವಾದ ಮಣ್ಣು, ಮೇಲೆ ಬಾಳೆಲೆ ಮುಚ್ಚಿತ್ತು. ಮಳೆ ಬರುವುದರೊಳಗೆ ತನ್ನ ಗೋಡೆಗೆ ಅಂತ ಕೊಳೆಹಾಕಿದ್ದು.

"ಒಯ್ಯಿ" ಅಂದಳು.

"ನಿನ್ನ ಗ್ವಾಡಿಗೆ?"

"ನನ್ನ ಗ್ವಾಡಿಗೆ ಹಳೇ ಗಿಲಾವು ಅದ, ಒಂದು ವರ್ಷ ತಡೀತದ. ನೀವು ಸೋತ್ರ ಆ ಅತ್ತಿಮರ ಹೋಗತದ ಅಂತ ಇವ್ರು ಹೇಳಿದ್ರು. ಅದರ ಹಣ್ಣು ತಿಂದ ನನ್ನ ಮಕ್ಕಳು ಬೆಳದಾವ."

ತನ್ನ ಗೋಡೆಯ ಮಣ್ಣು ತೆಗೆದು ಕೊಡುವುದು ಅಂದರೆ ಏನು ಅಂತ ಮಣ್ಣು ಬಳಿಯುವವರಿಗೇ ಗೊತ್ತು. ಅಷ್ಟು ದೊಡ್ಡದನ್ನು ನನಗೆ ಯಾರೂ ಕೊಟ್ಟಿಲ್ಲ. ನನ್ನ ಗಂಡನೂ ಕೊಟ್ಟಿಲ್ಲ.

ಕುಣಿ ಖಾಲಿಯಾದ ಮೇಲೆ ಅವಳು ಅದರಲ್ಲಿ ಹೊಸ ಮಣ್ಣು, ಹೊಟ್ಟು, ನೀರು ಸುರಿದು ನನ್ನ ಮುಖ ನೋಡಿದಳು. ಸೀರೆ ಎತ್ತಿ ಕಟ್ಟಿ ಇಳಿದೆ. ನಾನು ತುಳಿಯದೆ ಎಷ್ಟು ವರ್ಷವಾಗಿತ್ತೋ! ಮೊಣಕಾಲು ಹಿಡಿದುಕೊಂಡಿತು. ಅವಳು ದಂಡೆಯ ಮೇಲೆ ಕೂತು, "ಮೂಲ್ಯಾಗ ಗಂಟು ಉಳದಾವ, ಅಲ್ಲಿ ತುಳಿ" ಅನ್ನುತ್ತಿದ್ದಳು. ತುಳಿದೆ.

ಗೋಡೆ, ಭಾನುವಾರದಿಂದ ಬುಧವಾರ

ಬೆವರಿದ ಗಿಲಾವನ್ನು ಪೂರ್ತಿ ಕೆರೆದೆವು. ಆಳೊಬ್ಬ ಅದನ್ನು ಬುಟ್ಟಿಯಲ್ಲಿ ತುಂಬಿ ಅತ್ತಿಮರದ ಬುಡಕ್ಕೆ ಸುರಿಯಲು ಹೊರಟಿದ್ದ. ಕೂಗಿ ನಿಲ್ಲಿಸಿದೆ. ಉಪ್ಪು ಬೇರಿಗೆ ಇಳಿದರೆ ಗಾಜಿಲ್ಲದೆಯೇ ಮರ ಹೋಗುತ್ತದೆ. ಕೆರೆಗೂ ಹಾಕುವಂತಿಲ್ಲ. ಕೆರೆದದ್ದನ್ನೆಲ್ಲ ಮತ್ತೆ ನನ್ನ ಚೀಲಕ್ಕೇ ತುಂಬಿಸಿದೆ. ಇಟ್ಟಿಗೆಯನ್ನು ಸಿಹಿನೀರಿನಿಂದ ಮೂರು ಸಲ ತೊಳೆಸಿದೆ.

ಭಾನುವಾರ ಸಂಜೆ ಮೊದಲ ಕೈ, ಮಂಗಳವಾರ ಎರಡನೆಯದು. ಸೋನಿಬಾಯಿ ಎಡಗಡೆಯಿಂದ, ನಾನು ಬಲಗಡೆಯಿಂದ. ನಡುವೆ ಕೂಡುವ ಕಡೆ ಅವಳು ನನ್ನ ಪಾಲಿನ ಮೇಲೆ ಕೈ ಆಡಿಸಿ ಮತ್ತೆ ತೆಳುಮಾಡಿದಳು. ಸಿಟ್ಟು ಬಂತು, ನುಂಗಿದೆ.

ಬುಧವಾರ ಮಧ್ಯಾಹ್ನ ಆಕಾಶ ಕಪ್ಪಾಗಿ ಮುಂಗಾರಿಗೆ ಮುಂಚಿನ ಮಳೆ ಹೊಡೆಯಿತು. ನಮ್ಮ ಮಳೆ ಮೇಲಿನಿಂದ ಬೀಳುತ್ತದೆ. ಆ ಊರಿನದು ಮಗ್ಗುಲಿನಿಂದ ಬರುತ್ತದೆ. ತಗಡಿನ ಕೆಳಗೆ ನುಗ್ಗಿ ಗೋಡೆಗೇ ಬಡಿಯಿತು. ಅನುಜಾ ಗೋಡೆಗೆ ಹೊದಿಸಲು ತಾಡಪತ್ರಿ ಎಳೆದುಕೊಂಡು ಓಡಿ ಬಂದಳು.

"ಬಿಡವ್ವ" ಅಂದೆ.

"ಅಜ್ಜಿ, ನಾಳೆ ಗುರುವಾರ! ಸಬ್ ಧುಲ್ಕೆ ಹೋಗತದ!"

"ಶೇಠ್ ಗ್ವಾಡಿಗೆ ತಾಡಪತ್ರಿ ಹೊದಿಸ್ಕೊಂಡು ಮನ್ಯಾಗ ಇರ್ತಾನೇನ? ಹೋಗೂದಿದ್ರ ಇವತ್ತ ಹೋಗ್ಲಿ."

ಬಾಯಿಯಲ್ಲಿ ಹಾಗೆ ಅಂದೆ. ಕಣ್ಣು ಮಾತ್ರ ಗೋಡೆಯ ಬುಡ ಬಿಟ್ಟು ಕದಲಲಿಲ್ಲ. ನಾನು, ಅನುಜಾ, ಸೋನಿಬಾಯಿ ಮೂವರೂ ಮಳೆಯಲ್ಲಿ ನಿಂತು ಗೋಡೆ ನೋಡಿದೆವು. ಬಾಳು ಕೊಡೆ ತಂದ. ಯಾರ ಮೇಲೆ ಹಿಡಿಯಬೇಕೋ ತಿಳಿಯದೆ ತಾನೇ ಹಿಡಿದುಕೊಂಡು ನಿಂತ. ಒಂದು ತಾಸಿಗೆ ಮಳೆ ನಿಂತಿತು. ಗೋಡೆಯ ಮೈ ಕಪ್ಪಾಗಿತ್ತು, ಬುಡದಲ್ಲಿ ಒಂದು ಗೇಣು ಮೆತ್ತಗಾಗಿತ್ತು. ಒಂದು ಹೆಂಟೆಯೂ ಬಿದ್ದಿರಲಿಲ್ಲ. ಅನುಜಾ ಆಗಲೇ ನಕ್ಷೆ ಬಿಚ್ಚಿ, ಬುಡಕ್ಕೆ ಒಂದು ಸಾಲು ಕಲ್ಲು, ಮೇಲೆ ಮಾಡು ಇನ್ನೂ ಎರಡು ಮೊಳ ಮುಂದಕ್ಕೆ ಅಂತ ಗೀಚಿಕೊಂಡಳು. ಮಳೆ ಅವಳಿಗೆ ನಕ್ಷೆ ತಿದ್ದಿಕೊಟ್ಟಿತು.

ಗುರುವಾರ

ಶೇಠ್ ಮಗನ ಜೊತೆ ಬಂದ. ಗೋಡೆ ಒಣಗಿ ತಿಳಿ ಕೆಂಪಾಗಿತ್ತು. ಶೇಠ್ ಮೂಸಿ, ಸಗಣಿಯೇ ಅಂತ ಕೇಳಿದ. ಹೌದು, ಎಂಟು ದಿನಕ್ಕೆ ವಾಸನೆ ಹೋಗುತ್ತದೆ ಅಂದೆ. ಮಗ ಕಾರಿನ ಕೀಲಿ ತೆಗೆದು ಗೋಡೆಗೆ ಮೊಳ ಉದ್ದ ಗೀರಿದ. ಅನುಜಾ ಹಾ ಅಂದಳು.

ನಾನು ಅಂಗೈ ನೀರಿನಲ್ಲಿ ಅದ್ದಿ, ಗೀರಿನ ಮೇಲೆ ನಾಲ್ಕು ಸಲ ಆಡಿಸಿದೆ. ಗೀರು ಹೋಯಿತು.

"ಗಾಜಿನ ಮ್ಯಾಲೆ ಗೀರು ಬಿದ್ರ ಹಿಂಗ ಅಳಸಾಕ ಬರ್ತದೇನಂತ ಕೇಳು ಅವಗ" ಅಂದೆ ಯಲ್ಲಪ್ಪನಿಗೆ. ಯಲ್ಲಪ್ಪ ನೆಲ ನೋಡಿದ. ಅನುಜಾ ಹಿಂದಿಯಲ್ಲಿ ಹೇಳಿದಳು, ಒಂದು ಅಕ್ಷರ ಬಿಡದೆ.

ಶೇಠ್ ಜೋರಾಗಿ ನಕ್ಕ. ಹೋಗಿ ಕಿಟಕಿಯ ಮುಂದಿನ ಕಲ್ಲಿನ ಮೇಲೆ ಕೂತ. ಅತ್ತಿಯ ಕೊಂಬೆಯ ಕೆಳಗೆ ನೀರು ಅವನ ಕಣ್ಣಿನ ಮಟ್ಟಕ್ಕೆ ಸರಿಯಾಗಿ ಕಂಡಿರಬೇಕು. ಬಹಳ ಹೊತ್ತು ಏಳಲಿಲ್ಲ. ಹೊಟ್ಟೆ ದೊಡ್ಡದು, ಎದ್ದಾಗ ಮಗ ಕೈ ಕೊಡಬೇಕಾಯಿತು. ಎದ್ದವನು ಮಗನಿಗೇ ಹೇಳಿದ: ಮಣ್ಣೇ ಇರಲಿ, ಮರವೂ ಇರಲಿ.

ಅನುಜಾ ನನ್ನ ಕಾಲಿಗೆ ಬಿದ್ದಳು. "ಏಳು, ಆಕಿ ಕಾಲಿಗೂ ಬೀಳು" ಅಂತ ಸೋನಿಬಾಯಿಯನ್ನು ತೋರಿಸಿದೆ. ಬಿದ್ದಳು. ಸೋನಿಬಾಯಿ ನಾಚಿ ಓಡಿಹೋದಳು.

ಊರು

ಎರಡು ಚೀಲ ಮಣ್ಣು ಹೊತ್ತು ಹೋದವಳು ಎರಡು ಚೀಲ ಮಣ್ಣು ಹೊತ್ತೇ ವಾಪಸು ಬಂದೆ. ಸ್ಟೇಷನ್ನಿನಲ್ಲಿ ಈ ಸಲ ಯಾರೂ ಕೇಳಲಿಲ್ಲ. ಮನೆ ಮುಗಿದ ಮೇಲೆ ಅನುಜಾ ಫೋಟೋ ಕಳಿಸಿದಳು. ಮರ ಇದೆ, ಗೋಡೆ ಇದೆ. ಗೋಡೆಯನ್ನು ಪ್ರತಿ ವರ್ಷ ಸೋನಿಬಾಯಿಯೇ ಬಳಿಯುತ್ತಾಳಂತೆ.

ನಾನು ಊರು ಮುಟ್ಟಿದ್ದು ಸಂಜೆ. ಮಾರನೆಯ ದಿನ ಬೆಳಿಗ್ಗೆ ಎದ್ದು ಆ ಸವಳು ಮಣ್ಣನ್ನು ನಮ್ಮ ಮಾಳಿಗೆಯ ಮೇಲೆ ಹರವಿದೆ. ಅದರ ಜಾಗ ಅದೇ. ಕೆಳಗಿಳಿದು ಬಂದು, ಪಡಸಾಲೆಯ ಗೋಡೆಗೆ ಬಳಿಯುವ ಬುಟ್ಟಿಯನ್ನು ರುಕ್ಮವ್ವನ ಮುಂದೆ ಇಟ್ಟೆ.

"ನಿಮ್ಮ ತವರಿನ ಹಂಗ ಬಳಿ" ಅಂದೆ.

ಅವಳು ಬುಟ್ಟಿ ನೋಡಿದಳು, ನನ್ನನ್ನು ನೋಡಿದಳು. ಮುಂಬೈಯಲ್ಲಿ ನನಗೆ ಏನಾದರೂ ಆಗಿದೆಯೋ ಅಂತ ನೋಡಿರಬೇಕು.

"ಹಂಗಾರ ತುಳಿಯೋರು ಯಾರ್ರಿ, ಅತ್ತಿ?"

ಸೀರೆ ಎತ್ತಿ ಕಟ್ಟಿ ಕುಣಿಗೆ ಇಳಿದೆ.